ಬಾಯಲ್ಲಿರುವ ವಾಕ್ಯ ಬರವಣಿಗೆಗೆ ಬರಲಿ: ಪ್ರೌಢಶಾಲೆಯ ಮಕ್ಕಳಿಗೆ ಉಪವಾಕ್ಯದಿಂದ ವಾಕ್ಯ ಶುರುಮಾಡುವುದನ್ನು ಕಲಿಸುವ ಸಮಗ್ರ ಮಾರ್ಗದರ್ಶಿ

ಮಂಡ್ಯದ ಕಡೆಯ ಹಳ್ಳಿ ಹುಡುಗನನ್ನು ‘ನಿನ್ನೆ ಯಾಕೋ ಬರಲಿಲ್ಲ?’ ಎಂದು ಕೇಳಿ ನೋಡಿ. ‘ನಾಲೇಲಿ ನೀರ್ ಬಿಟ್ಟಿದ್ರು ಸಾ, ಅಪ್ಪ ಒಬ್ರೇ ಇದ್ದುದ್ರಿಂದ ನೀರ್ ಕಟ್ಟಕ್ಕೆ ನಾನೂ ಗದ್ದೆಗೋಗಿದ್ದೆ’ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾನೆ. ಅದನ್ನೇ ಬರೆದುಕೊಡು ಎಂದರೆ ಹಾಳೆಯ ಮೇಲೆ ಬರುವುದು ಇದು: ‘ನಾನು ನಿನ್ನೆ ಶಾಲೆಗೆ ಬರಲಿಲ್ಲ. ಏಕೆಂದರೆ ನಾಲೆಯಲ್ಲಿ ನೀರು ಬಿಟ್ಟಿದ್ದರು. ಮತ್ತು ಅಪ್ಪ ಒಬ್ಬರೇ ಇದ್ದರು. ಆದ್ದರಿಂದ ನಾನು ಗದ್ದೆಗೆ ಹೋದೆನು.’

ಮಾತಿನಲ್ಲಿ ಕಾರಣ ಮೊದಲು ಬಂದು ಕೆಲಸ ಕೊನೆಗೆ ಬಂತು, ಎರಡನ್ನೂ ‘ಇದ್ದುದ್ರಿಂದ’ ಎಂಬ ಒಂದೇ ರೂಪ ಬೆಸೆಯಿತು. ಬರವಣಿಗೆಯಲ್ಲಿ ಅದೇ ಮಾತು ನಾಲ್ಕು ತುಂಡಾಯಿತು. ಹುಡುಗನಿಗೆ ಭಾಷೆ ಬರುವುದಿಲ್ಲ ಎಂದು ಇದರ ಮೇಲೆ ತೀರ್ಮಾನ ಮಾಡುವುದು ಅನ್ಯಾಯ. ಅವನ ಬಾಯಲ್ಲಿ ಇರುವುದು ಕೈಗೆ ಇಳಿದಿಲ್ಲ, ಅಷ್ಟೆ. ಪ್ರಬಂಧ, ಗಾದೆ ವಿಸ್ತರಣೆ, ಪತ್ರಲೇಖನ, ಸಮಾಜ ವಿಜ್ಞಾನದ ಉತ್ತರ ಎಲ್ಲದರಲ್ಲೂ ಈ ತುಂಡು ವಾಕ್ಯಗಳು ಕಾಣುತ್ತವೆ. ಎಂಟರಿಂದ ಹತ್ತನೇ ತರಗತಿಯವರೆಗಿನ ಮಕ್ಕಳಿಗೆ ಕನ್ನಡ ಹೇಳಿಕೊಡುವ ಮೇಷ್ಟರು, ಟೀಚರ್‌ಗಳು, ಮನೆಯಲ್ಲಿ ಮಗುವಿನ ಪಕ್ಕ ಕೂತು ಓದಿಸುವ ತಂದೆತಾಯಿ ಇದನ್ನು ಸರಿಪಡಿಸಬಹುದಾದ ದಾರಿಯನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಶುರುಮಾಡುವ ಮುನ್ನ

ವ್ಯಾಕರಣ ಪುಸ್ತಕದ ಪ್ರಕಾರ ತನ್ನಷ್ಟಕ್ಕೆ ಪೂರ್ಣವಾಗಿ ನಿಲ್ಲುವುದು ಪ್ರಧಾನ ವಾಕ್ಯ, ಅದರ ಆಸರೆಯಲ್ಲಿ ನಿಲ್ಲುವುದು ಉಪವಾಕ್ಯ, ಎರಡೂ ಸೇರಿದರೆ ಮಿಶ್ರವಾಕ್ಯ. ಮಕ್ಕಳಿಗೆ ಈ ಹೆಸರುಗಳು ಗೊತ್ತಿರಲಿ, ಆದರೆ ಪಾಠ ಅಲ್ಲಿಂದ ಶುರುವಾಗುವುದು ಬೇಡ. ಗಾದೆಯಿಂದ ಶುರುಮಾಡಿ. ‘ಕೈ ಕೆಸರಾದರೆ ಬಾಯಿ ಮೊಸರು’, ‘ಗಾಳಿ ಬಂದಾಗ ತೂರಿಕೋ’, ‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಎಂದು ಬೋರ್ಡಿನ ಮೇಲೆ ಬರೆಯಿರಿ. ‘ಕೈ ಕೆಸರಾದರೆ’ ಎಂದು ಮಾತ್ರ ಹೇಳಿ ಸುಮ್ಮನಾಗಿ. ಇಡೀ ತರಗತಿ ಮಿಕ್ಕಿದ್ದನ್ನು ಕೂಗಿ ಹೇಳುತ್ತದೆ. ಮೊದಲ ಭಾಗ ಕೇಳಿದವರನ್ನು ಕಾಯಿಸುತ್ತದೆ, ಎರಡನೆಯ ಭಾಗ ಬಂದು ಮಾತು ಮುಗಿಯುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ದಾರಿ ನನಗೆ ಕಂಡಿಲ್ಲ.

ಕಲಿಸುವವರಿಗೆ ಇನ್ನೊಂದು ವಿಷಯ ಸ್ಪಷ್ಟವಾಗಿರಬೇಕು. ಇಂಗ್ಲಿಷಿನಲ್ಲಿ ‘ಇಫ್’, ‘ವೆನ್’, ‘ಬಿಕಾಸ್’, ‘ಆಲ್ದೋ’ ಇವೆಲ್ಲ ಉಪವಾಕ್ಯದ ತಲೆಯಲ್ಲೇ ಕೂರುತ್ತವೆ. ಕನ್ನಡದಲ್ಲಿ ಆ ಕೆಲಸ ಮಾಡುವ ‘-ರೆ’, ‘-ಆಗ’, ‘-ದ್ದರಿಂದ’, ‘-ರೂ’ ಉಪವಾಕ್ಯದ ಬಾಲದಲ್ಲಿ ಬರುತ್ತವೆ. ಇಂಗ್ಲಿಷ್ ಓದುಗನಿಗೆ ಮೊದಲ ಪದದಲ್ಲೇ ‘ಇದು ಷರತ್ತು’ ಎಂಬ ಸುಳಿವು ಸಿಗುತ್ತದೆ, ಕನ್ನಡ ಓದುಗ ಉಪವಾಕ್ಯದ ಕೊನೆಯ ಪದದವರೆಗೆ ಕಾಯಬೇಕು. ಮುಂದೆ ಬರುವ ಅರ್ಧದಷ್ಟು ಸಲಹೆಗಳಿಗೆ ಇದೇ ಕಾರಣ.

ಹಂತ 1: ಮೊದಲು ಹೇಳಿಸಿ, ಆಮೇಲೆ ಬರೆಸಿ

ಪೆನ್ನು ಕೆಳಗಿಡಲು ಹೇಳಿ. ‘ನಿಮ್ಮೂರ ಹಬ್ಬದಲ್ಲಿ ಏನಾಯ್ತು, ಪಕ್ಕದವರಿಗೆ ಹೇಳಿ’ ಎನ್ನಿ. ಅವರು ಊರ ಮಾತಿನಲ್ಲೇ ಹೇಳಲಿ, ತಿದ್ದಬೇಡಿ. ‘ಬಂದ್ಮೇಲೆ’, ‘ಹೋದ್ರೆ’, ‘ಕರದ್ರೂನೂ’ ಎಂಬ ರೂಪಗಳು ಬಾಯಿಂದ ಬಂದ ಕೂಡಲೇ ಬೋರ್ಡಿನ ಮೇಲೆ ಹಾಕಿ, ಪಕ್ಕದಲ್ಲಿ ಬರವಣಿಗೆಯ ರೂಪ ಬರೆಯಿರಿ: ಬಂದ ಮೇಲೆ, ಹೋದರೆ, ಕರೆದರೂ. ಊರ ಮಾತನ್ನು ತಪ್ಪು ಎಂದು ಹೊಡೆದುಹಾಕಿದ ದಿನವೇ ಮಗು ವಾಕ್ಯವನ್ನು ಕತ್ತರಿಸಿ ಬರೆಯಲು ಶುರುಮಾಡುತ್ತದೆ. ಚಿಕ್ಕ ವಾಕ್ಯದಲ್ಲಿ ತಪ್ಪು ಸಿಗುವುದಿಲ್ಲ ಎಂಬ ಭಯದ ಜಾಣತನ ಅದು.

ಮೈಸೂರಿನ ಇಂಗ್ಲಿಷ್ ಮಾಧ್ಯಮದ ಮಕ್ಕಳಲ್ಲಿ ತೊಂದರೆ ಬೇರೆ ರೀತಿಯದು. ‘ನಾವು ಚಾಮುಂಡಿ ಬೆಟ್ಟಕ್ಕೆ ಹೋದೆವು, ಯಾವುದು ಮೈಸೂರಿನಲ್ಲಿ ಇದೆ’ ಎಂದು ಬರೆಯುವವರಿದ್ದಾರೆ. ಅವರಿಗೆ ನಿಯಮ ಹೇಳುವ ಬದಲು ‘ಇದನ್ನು ನಿಮ್ಮ ಅಜ್ಜಿಗೆ ಹೇಗೆ ಹೇಳ್ತೀಯ?’ ಎಂದು ಕೇಳಿ. ‘ಮೈಸೂರಲ್ಲಿರೋ ಚಾಮುಂಡಿ ಬೆಟ್ಟಕ್ಕೆ’ ಎಂಬುದು ತಾನಾಗಿ ಬರುತ್ತದೆ.

ಹಂತ 2: ಕೊನೆಯ ಕ್ರಿಯಾಪದವನ್ನು ಮೊದಲು ತೀರ್ಮಾನಿಸಿ

ಇಡೀ ಮಾರ್ಗದರ್ಶಿಯಲ್ಲಿ ಒಂದನ್ನೇ ಇಟ್ಟುಕೊಳ್ಳಿ ಎಂದರೆ ನಾನು ಇದನ್ನು ಹೇಳುತ್ತೇನೆ. ಉಪವಾಕ್ಯದಿಂದ ವಾಕ್ಯ ಶುರುಮಾಡುವ ಮಗು ಎಡವುವುದು ಶುರುವಿನಲ್ಲಲ್ಲ, ಎಲ್ಲಿಗೆ ಹೋಗಿ ಮುಟ್ಟಬೇಕು ಎಂದು ಗೊತ್ತಿಲ್ಲದೆ ಹೊರಟಿರುವುದರಿಂದ. ‘ನಾವು ಶ್ರೀರಂಗಪಟ್ಟಣಕ್ಕೆ ಹೋದಾಗ ಅಲ್ಲಿ ಕೋಟೆ ಇರುವುದರಿಂದ ಅದನ್ನು ನೋಡಿ...’ ಎಂದು ಬರೆದು ಪೆನ್ನು ನಿಲ್ಲುತ್ತದೆ. ಮುಂದೇನು? ಮಗುವಿಗೂ ಗೊತ್ತಿಲ್ಲ.

ಹಾಗಾಗಿ ಮಗುವಿನ ಕೈಲಿ ಸಾಲಿನ ಬಲತುದಿಯಲ್ಲಿ ಮೊದಲು ಕ್ರಿಯಾಪದವೊಂದನ್ನೇ ಬರೆಸಿ: ‘...ಬೆರಗಾದೆವು.’ ಎಡಗಡೆ ಜಾಗ ಖಾಲಿ. ಈಗ ಪ್ರಶ್ನೆ ಕೇಳುತ್ತ ಹೋಗಿ. ಯಾರು? ನಾವು. ಏನು ಕಂಡು? ಕೋಟೆಯ ದಪ್ಪ ಗೋಡೆ. ಯಾವಾಗ? ಶ್ರೀರಂಗಪಟ್ಟಣಕ್ಕೆ ಹೋಗಿದ್ದಾಗ. ಉತ್ತರಗಳನ್ನು ಹಿಂದಿನಿಂದ ಮುಂದಕ್ಕೆ ತುಂಬಿಸಿದರೆ ‘ಶ್ರೀರಂಗಪಟ್ಟಣಕ್ಕೆ ಹೋಗಿದ್ದಾಗ ನಾವು ಕೋಟೆಯ ದಪ್ಪ ಗೋಡೆಯನ್ನು ಕಂಡು ಬೆರಗಾದೆವು’ ಎಂಬ ವಾಕ್ಯ ಸಿದ್ಧ. ಕೆಲವು ದಿನ ಹೀಗೆ ಬಲತುದಿಯಿಂದ ಬರೆದ ಮೇಲೆ ಮಕ್ಕಳು ಕೊನೆಯ ಪದವನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳತೊಡಗುತ್ತಾರೆ, ಬರೆದಿಡುವ ಅಗತ್ಯ ಬೀಳುವುದಿಲ್ಲ.

ಹಂತ 3: ಎರಡು ಸಂಗತಿಗಳ ನಡುವಿನ ಸಂಬಂಧ ಕೇಳಿ, ಆಮೇಲೆ ರೂಪ ಆರಿಸಿ

ಕನ್ನಂಬಾಡಿ ಕಟ್ಟೆಯ, ಅಂದರೆ ಕೃಷ್ಣರಾಜಸಾಗರ ಅಣೆಕಟ್ಟೆಯ ಮಾತು ನಮ್ಮ ಕಡೆ ಪ್ರತಿ ಮಗುವಿನ ಕಿವಿಗೂ ಬಿದ್ದಿರುತ್ತದೆ. ಗರಿಷ್ಠ ಮಟ್ಟ 124.80 ಅಡಿ ಎಂಬುದು ಎಷ್ಟೋ ಮಕ್ಕಳಿಗೆ ಬಾಯಿಪಾಠ. ಆದ್ದರಿಂದ ‘ಕಟ್ಟೆ ತುಂಬು’, ‘ನಾಲೆಗೆ ನೀರು ಬಿಡು’ ಎಂಬ ಎರಡೇ ಸಂಗತಿ ತೆಗೆದುಕೊಳ್ಳಿ. ಅವೆರಡರಿಂದ ಎಷ್ಟು ಬೇರೆ ಬೇರೆ ಮಾತು ಹುಟ್ಟುತ್ತದೆ ನೋಡಿ.

ಕಟ್ಟೆ ತುಂಬಿದ ಮೇಲೆ ನಾಲೆಗೆ ನೀರು ಬಿಟ್ಟರು.
ಕಟ್ಟೆ ತುಂಬುತ್ತಿದ್ದಂತೆ ನಾಲೆಗೆ ನೀರು ಬಿಟ್ಟರು.
ಕಟ್ಟೆ ತುಂಬುವ ಮೊದಲೇ ನಾಲೆಗೆ ನೀರು ಬಿಟ್ಟರು.
ಕಟ್ಟೆ ತುಂಬಿದ್ದರಿಂದ ನಾಲೆಗೆ ನೀರು ಬಿಟ್ಟರು.
ಕಟ್ಟೆ ತುಂಬಿದರೆ ನಾಲೆಗೆ ನೀರು ಬಿಡುತ್ತಾರೆ.
ಕಟ್ಟೆ ತುಂಬಿದರೂ ನಾಲೆಗೆ ನೀರು ಬಿಡಲಿಲ್ಲ.
ಕಟ್ಟೆ ತುಂಬುವವರೆಗೆ ನಾಲೆಗೆ ನೀರು ಬಿಡುವುದಿಲ್ಲ.

ಸಾಲು ಸಾಲಾಗಿ ಓದಿಸಿ, ಪ್ರತಿ ಸಾಲಿಗೂ ‘ಇದನ್ನು ಕೇಳಿದ ರೈತ ಏನು ಮಾಡುತ್ತಾನೆ?’ ಎಂದು ಕೇಳಿ. ‘ತುಂಬಿದ್ದರಿಂದ’ ಎಂದರೆ ನೀರು ಬಂದಾಗಿದೆ, ಒಟ್ಲು (ಭತ್ತದ ಸಸಿಮಡಿ) ಹಾಕಬಹುದು. ‘ತುಂಬಿದರೆ’ ಎಂದರೆ ಇನ್ನೂ ಕಾಯಬೇಕು. ‘ತುಂಬಿದರೂ’ ಎಂದರೆ ಅವನಿಗೆ ಸಿಟ್ಟು ಬರುತ್ತದೆ. ಬದಲಾದದ್ದು ಒಂದೆರಡು ಅಕ್ಷರ, ಬದಲಾದ ಅರ್ಥ ಒಂದು ಬೆಳೆಯಷ್ಟು ದೊಡ್ಡದು. ಇದನ್ನು ಕಂಡುಕೊಂಡ ಮಗು ‘ಮತ್ತು’ ಹಾಕಿ ಕೈತೊಳೆದುಕೊಳ್ಳುವುದನ್ನು ತಾನೇ ಬಿಡುತ್ತದೆ. ಏಕೆಂದರೆ ‘ಕಟ್ಟೆ ತುಂಬಿತು ಮತ್ತು ನೀರು ಬಿಟ್ಟರು’ ಎಂಬುದರಲ್ಲಿ ಈ ಸಂಬಂಧ ಯಾವುದೂ ಇಲ್ಲ.

ಕಾಲ ಸೂಚಿಸುವ ರೂಪಗಳಲ್ಲಿ ಒಂದು ತಪ್ಪು ಮತ್ತೆ ಮತ್ತೆ ಬರುತ್ತದೆ. ‘ಮೈಸೂರಿಗೆ ಹೋಗುವಾಗ ಮೃಗಾಲಯ ನೋಡಿದೆವು’ ಎಂದರೆ ಮೃಗಾಲಯ ದಾರಿಯಲ್ಲಿ ಸಿಕ್ಕಿತು ಎಂದಾಯಿತು. ಊರು ಸೇರಿದ ಮೇಲೆ ನೋಡಿದ್ದಾದರೆ ‘ಹೋಗಿದ್ದಾಗ’ ಆಗಬೇಕು. ‘ಹೋಗುವಾಗ’, ‘ಹೋದಾಗ’, ‘ಹೋಗಿದ್ದಾಗ’ ಮೂರಕ್ಕೂ ಒಂದೊಂದು ವಾಕ್ಯ ಮಾಡಿಸಿ.

ಇನ್ನು ಎರಡು ಪದ ಜೊತೆಯಾಗಿ ಬರುವ ಬಗೆ: ಎಲ್ಲಿ–ಅಲ್ಲಿ, ಎಷ್ಟು–ಅಷ್ಟು, ಯಾರು–ಅವರು. ‘ಎಲ್ಲಿ ನಾಲೆಯ ನೀರು ಹರಿಯುತ್ತದೆಯೋ ಅಲ್ಲಿ ಭತ್ತ ಬೆಳೆಯುತ್ತಾರೆ.’ ಇಲ್ಲಿ ‘-ಓ’ ಬೇಕೇ ಬೇಕು, ‘ಅಲ್ಲಿ’ಯೂ ಬೇಕೇ ಬೇಕು. ಭಾಷಣಕ್ಕೆ ಇದು ಗತ್ತು ಕೊಡುತ್ತದೆ. ಪ್ರಬಂಧದಲ್ಲಿ ‘ನಾಲೆಯ ನೀರು ಹರಿಯುವ ಕಡೆ ಭತ್ತ ಬೆಳೆಯುತ್ತಾರೆ’ ಎಂಬುದೇ ಹಗುರ.

ಹಂತ 4: ಕೆಲಸ ಮಾಡಿದವರು ಒಬ್ಬರೇನಾ?

ಪರೀಕ್ಷೆಯ ಹಾಳೆಗಳಲ್ಲಿ ಅತಿ ಹೆಚ್ಚು ಕಾಣುವ ದೋಷ ಇಲ್ಲಿದೆ. ‘ನಾನು ಬಸ್ಸಿನಿಂದ ಇಳಿದು ಮಳೆ ಸುರಿಯಿತು.’ ಇಳಿದವನು ನಾನು, ಸುರಿದದ್ದು ಮಳೆ. ‘ಇಳಿದು’, ‘ನೋಡಿ’, ‘ತಿಂದು’ ಎಂಬ ರೂಪಗಳು ಮತ್ತು ‘ನಡೆಯುತ್ತ’, ‘ಹಾಡುತ್ತ’ ಎಂಬ ರೂಪಗಳು ಸಾಮಾನ್ಯವಾಗಿ ಕೊನೆಯ ಕ್ರಿಯಾಪದದ ಕರ್ತೃವನ್ನೇ ಬಯಸುತ್ತವೆ. ಕರ್ತೃ ಬದಲಾದರೆ ರೂಪವೂ ಬದಲಾಗಬೇಕು: ‘ನಾನು ಬಸ್ಸಿನಿಂದ ಇಳಿಯುತ್ತಿದ್ದಂತೆ ಮಳೆ ಸುರಿಯಿತು.’ ‘-ಆಗ’, ‘-ಮೇಲೆ’, ‘-ರೆ’, ‘-ರೂ’, ‘-ದ್ದರಿಂದ’ ಇವಕ್ಕೆ ಈ ಕಟ್ಟುಪಾಡಿಲ್ಲ, ಇಬ್ಬರು ಕರ್ತೃಗಳಿದ್ದರೂ ಒಪ್ಪುತ್ತವೆ.

ಜಾಣ ಮಗುವೊಂದು ಎದ್ದು ‘ಹಂಗಾರೆ ಮಳೆ ಬಂದು ಕೆರೆ ತುಂಬ್ತು ಅನ್ನೋದು ತಪ್ಪಾ ಸಾ?’ ಎಂದು ಕೇಳಬಹುದು, ಕೇಳಲಿ ಎಂದು ಆಸೆಪಡಿ. ಅದು ತಪ್ಪಲ್ಲ. ‘ಗಾಳಿ ಬೀಸಿ ಮರ ಬಿತ್ತು’, ‘ಕಾಲು ಜಾರಿ ಕೈ ಮುರಿಯಿತು’ ಇವೂ ಒಳ್ಳೆಯ ಕನ್ನಡವೇ. ಮೊದಲನೆಯದರಿಂದಲೇ ಎರಡನೆಯದು ತಾನಾಗಿ ಆಗಿಹೋದಾಗ ಭಾಷೆ ಕರ್ತೃ ಬದಲಾಗಲು ಬಿಡುತ್ತದೆ. ನಾನು ಬಸ್ಸಿನಿಂದ ಇಳಿದದ್ದರಿಂದ ಮಳೆ ಬರಲಿಲ್ಲವಲ್ಲ, ಅದಕ್ಕೇ ಆ ವಾಕ್ಯ ಕಿವಿಗೆ ಒಗ್ಗುವುದಿಲ್ಲ. ನಿಯಮವನ್ನು ಕಣ್ಣುಮುಚ್ಚಿ ಹಾಕಿ ‘ಮಳೆ ಬಂದು ಕೆರೆ ತುಂಬಿತು’ ಎಂಬುದಕ್ಕೆ ಕೆಂಪು ಗೆರೆ ಎಳೆಯಬೇಡಿ.

ಇಬ್ಬರು ಕರ್ತೃಗಳಿದ್ದಾಗ ‘ಅವನು’ ಎಂಬ ಪದದ ಮೇಲೂ ಕಣ್ಣಿರಲಿ. ‘ರವಿ ತಮ್ಮನನ್ನು ನೋಡಿದಾಗ ಅವನು ಅಳುತ್ತಿದ್ದ.’ ಅತ್ತವನು ಯಾರು? ‘ರವಿ ನೋಡಿದಾಗ ತಮ್ಮ ಅಳುತ್ತಿದ್ದ’ ಎಂದರೆ ಗೊಂದಲ ಮುಗಿಯಿತು. ಕರ್ತೃ ಒಬ್ಬನೇ ಆಗಿದ್ದರೆ ‘ನಾನು ಮನೆಗೆ ಹೋಗಿ ನಾನು ಊಟ ಮಾಡಿದೆ’ ಎಂದು ಎರಡು ಸಲ ಹೇಳಿಸಬೇಡಿ.

ಹಂತ 5: ಮುಂಭಾಗ ಎಷ್ಟು ಉದ್ದ ಇರಬೇಕು

ಉಪವಾಕ್ಯದ ರುಚಿ ಹತ್ತಿದ ಮಗು ಇನ್ನೊಂದು ತುದಿಗೆ ಹೋಗುತ್ತದೆ: ‘ಮುಂಗಾರು ಸರಿಯಾಗಿ ಬಾರದೆ ಕೊಡಗಿನಲ್ಲೂ ಮಳೆ ಕಡಿಮೆಯಾಗಿ ಕಾವೇರಿಯ ಹರಿವು ಇಳಿದು ಕಟ್ಟೆಗೆ ಬರುವ ನೀರು ಸಾಲದೆ ಹೋದದ್ದರಿಂದ ನಾಲೆಗೆ ನೀರು ಬಿಡುವುದು ತಡವಾದರೂ ರೈತರು ಭತ್ತವನ್ನೇ ನಾಟಿ ಮಾಡಿದರು.’ ವ್ಯಾಕರಣದ ಪ್ರಕಾರ ಇದರಲ್ಲಿ ತಪ್ಪಿಲ್ಲ. ಆದರೆ ಸುಳಿವು ಕೊಡುವ ‘ಹೋದದ್ದರಿಂದ’ ಬರುವ ಹೊತ್ತಿಗೆ ಓದುವವರು ಸುಸ್ತಾಗಿರುತ್ತಾರೆ. ಕೊನೆಯ ಕ್ರಿಯಾಪದಕ್ಕೆ ಮುಂಚೆ ಎರಡು ಉಪವಾಕ್ಯ ಸಾಕು ಎಂಬ ಮಿತಿ ಹಾಕಿ. ಮೇಲಿನದನ್ನು ಒಡೆದರೆ: ‘ಕೊಡಗಿನಲ್ಲಿ ಮಳೆ ಕಡಿಮೆಯಾದದ್ದರಿಂದ ಕಾವೇರಿಯ ಹರಿವು ಇಳಿಯಿತು. ಕಟ್ಟೆಗೆ ಸಾಕಷ್ಟು ನೀರು ಬಾರದೆ ನಾಲೆಗೆ ಬಿಡುವುದೂ ತಡವಾಯಿತು. ಆದರೂ ರೈತರು ಭತ್ತವನ್ನೇ ನಾಟಿ ಮಾಡಿದರು.’ ಕೊನೆಯ ‘ಆದರೂ’ ಬೇಕೆಂದೇ ಬೇರೆ ವಾಕ್ಯವಾಗಿ ನಿಂತಿದೆ. ರೈತರ ಹಟವನ್ನು ಅದು ಎತ್ತಿ ಹಿಡಿಯುತ್ತದೆ.

ಮುಂಭಾಗ ಉದ್ದವಾಗಲೇಬೇಕು ಎಂದಿದ್ದರೆ ಮೊದಲೇ ಸುಳಿವು ಕೊಡುವ ಪದಗಳಿವೆ. ‘ಒಂದು ವೇಳೆ’ ಎಂದು ಶುರುವಾದರೆ ಕೊನೆಗೆ ‘-ರೆ’ ಬರುತ್ತದೆಂದು ಓದುಗನಿಗೆ ಗೊತ್ತು. ‘ಎಷ್ಟೇ’, ‘ಎಂಥ’ ಎಂದರೆ ‘-ರೂ’ ಬರಲಿದೆ. ‘ಎಷ್ಟೇ ಬೇಗ ಹೊರಟರೂ ಜಂಬೂಸವಾರಿಯ ದಿನ ಅರಮನೆಯ ಸುತ್ತ ನಿಲ್ಲಲು ಜಾಗ ಸಿಗುವುದಿಲ್ಲ.’

ಹಂತ 6: ಅಲ್ಪವಿರಾಮ

ಇಂಗ್ಲಿಷಿನಲ್ಲಿ ಮುಂದೆ ಬಂದ ಉಪವಾಕ್ಯದ ನಂತರ ಅಲ್ಪವಿರಾಮ ಹಾಕುವುದು ರೂಢಿ. ಕನ್ನಡದಲ್ಲಿ ‘-ರೆ’, ‘-ಆಗ’ಗಳೇ ಆ ಗಡಿಯನ್ನು ತೋರಿಸುವುದರಿಂದ ಚಿಕ್ಕ ಉಪವಾಕ್ಯಕ್ಕೆ ಅದು ಬೇಕಿಲ್ಲ. ಅರ್ಥ ಎರಡಾಗುವ ಕಡೆ ಮಾತ್ರ ಖಂಡಿತ ಬೇಕು. ‘ಮೇಷ್ಟರು ಬಂದ ಮೇಲೆ ಕೂತಿದ್ದ ಹುಡುಗರು ಎದ್ದರು.’ ಮೇಷ್ಟರು ಬಂದ ಮೇಲೆ ಕೂತವರೋ, ಬಂದ ಮೇಲೆ ಎದ್ದವರೋ? ಬಂದ ಮೇಲೆ ಎದ್ದವರು ಎಂದಾದರೆ ‘ಬಂದ ಮೇಲೆ’ ಮುಗಿದಲ್ಲಿ ಅಲ್ಪವಿರಾಮ ಹಾಕಿ.

ಹಂತ 7: ಒಂಟಿ ನಿಂತ ತುಂಡುಗಳನ್ನು ಹುಡುಕಿಸಿ

ಬರೆದಾದ ಮೇಲೆ ಪೂರ್ಣವಿರಾಮದಿಂದ ಪೂರ್ಣವಿರಾಮಕ್ಕೆ ಒಂದೊಂದೇ ವಾಕ್ಯವನ್ನು ಜೋರಾಗಿ ಓದಿಸಿ. ‘ನಮ್ಮೂರಿಗೆ ಬಸ್ಸು ಇಲ್ಲದಿರುವುದರಿಂದ.’ ಎಂದು ನಿಂತರೆ ಪಕ್ಕದ ಮಗು ‘ಹೂಂ, ಆಮೇಲೆ?’ ಎನ್ನಲಿ. ‘ಆಮೇಲೆ?’ ಎಂದು ಕೇಳಬೇಕೆನಿಸಿದರೆ ಅದು ಒಂಟಿ ಉಪವಾಕ್ಯ, ಹಿಂದಿನ ಅಥವಾ ಮುಂದಿನ ವಾಕ್ಯಕ್ಕೆ ಸೇರಬೇಕು.

‘ಏಕೆಂದರೆ’ಯನ್ನು ಪೂರ್ತಿ ನಿಷೇಧಿಸಬೇಡಿ. ವಿವರಣೆ ಉದ್ದವಾಗಿದ್ದು, ಮೊದಲು ತೀರ್ಮಾನ ಹೇಳಿ ಆಮೇಲೆ ಕಾರಣ ಬಿಡಿಸಬೇಕಾದ ಕಡೆ ಅದಕ್ಕೆ ಜಾಗವಿದೆ. ಒಂದು ಪ್ಯಾರಾದಲ್ಲಿ ಮೂರು ಸಲ ಬಂದರೆ ಎರಡನ್ನಾದರೂ ‘-ದ್ದರಿಂದ’ ಮಾಡಿ ಎಂದರೆ ಸಾಕು. ಇಂಗ್ಲಿಷ್ ತರಗತಿಯಲ್ಲಿ ‘ಬಿಕಾಸ್‌ನಿಂದ ವಾಕ್ಯ ಶುರುಮಾಡಬೇಡಿ’ ಎಂದು ಹೇಳುವುದುಂಟು. ಹಾಗೆ ಶುರುಮಾಡಿದ ಮಕ್ಕಳು ಪ್ರಧಾನ ವಾಕ್ಯವನ್ನು ಮರೆತುಬಿಡುತ್ತಾರೆಂದು ಹುಟ್ಟಿದ ಎಚ್ಚರಿಕೆ ಅದು. ಪ್ರಧಾನ ವಾಕ್ಯ ಆಮೇಲೆ ಬಂದರೆ ಇಂಗ್ಲಿಷಿನಲ್ಲೂ ಆ ಶುರು ಸರಿಯೇ. ಎರಡೂ ಭಾಷೆಯ ಟೀಚರ್‌ಗಳು ಇದನ್ನು ಒಂದೇ ಮಾತಿನಲ್ಲಿ ಹೇಳಿದರೆ ಮಗುವಿಗೆ ದೊಡ್ಡ ಉಪಕಾರ.

ಹಂತ 8: ಪ್ಯಾರಾ ಕಟ್ಟಿಸಿ

ಬಿಡಿ ವಾಕ್ಯದಲ್ಲಿ ಕಲಿತದ್ದು ಪ್ಯಾರಾದಲ್ಲಿ ನಿಲ್ಲಬೇಕು. ಎಂಟನೇ ತರಗತಿಯ ಮಗು ಆಲೆಮನೆಯ ಬಗ್ಗೆ ಬರೆಯುವ ರೀತಿ ಹೀಗಿರುತ್ತದೆ:

‘ನಾವು ಆಲೆಮನೆಗೆ ಹೋದೆವು. ಅಲ್ಲಿ ಕಬ್ಬನ್ನು ಗಾಣಕ್ಕೆ ಕೊಡುತ್ತಿದ್ದರು. ಕಬ್ಬಿನ ಹಾಲು ಬಂತು. ಹಾಲನ್ನು ಕೊಪ್ಪರಿಗೆಗೆ ಹಾಕಿದರು. ಹಾಲು ಕುದಿಯಿತು. ಮಡ್ಡಿ ಮೇಲೆ ಬಂತು. ಅದನ್ನು ತೆಗೆದರು. ಪಾಕ ಗಟ್ಟಿಯಾಯಿತು. ಅಚ್ಚಿಗೆ ಹಾಕಿದರು. ನಮಗೆ ಬಿಸಿ ಬೆಲ್ಲ ಕೊಟ್ಟರು.’

ಮಗು ಎಲ್ಲವನ್ನೂ ಗಮನಿಸಿ ನೋಡಿದೆ, ಕ್ರಮವೂ ಸರಿಯಾಗಿದೆ. ಅದನ್ನು ಮೊದಲು ಹೇಳಿ ಬೆನ್ನು ತಟ್ಟಿ. ಆಮೇಲೆ ‘ಇದರಲ್ಲಿ ಓದುವವರಿಗೆ ಹೊಸದಾಗಿ ಹೇಳಬೇಕಾದ್ದು ಯಾವುದು?’ ಎಂದು ಕೇಳಿ. ಮಡ್ಡಿ ಮೇಲೆ ಬರುವುದು, ಅಚ್ಚಿಗೆ ಸುರಿಯುವುದು, ಬಿಸಿ ಬೆಲ್ಲ ಎಂದು ಉತ್ತರ ಬಂದರೆ ಪ್ರಧಾನ ವಾಕ್ಯದ ಜಾಗ ಅವಕ್ಕೆ ಕೊಡಿಸಿ. ಮಿಕ್ಕವು ಮುಂದೆ ಹೋಗಿ ಉಪವಾಕ್ಯವಾಗಲಿ. ಓದುಗನಿಗೆ ಆಗಲೇ ಗೊತ್ತಾದದ್ದು ವಾಕ್ಯದ ಮೊದಲಿಗೆ, ಹೊಸತು ಕೊನೆಗೆ. ಒಂದು ವಾಕ್ಯದ ಕೊನೆಯಲ್ಲಿ ಬಂದದ್ದು ಮುಂದಿನ ವಾಕ್ಯದ ಮೊದಲಿಗೆ ಬಂದರೆ ಪ್ಯಾರಾ ತಾನಾಗಿ ಹೆಣೆದುಕೊಳ್ಳುತ್ತದೆ.

‘ನಾವು ಆಲೆಮನೆಗೆ ಹೋದಾಗ ಕಬ್ಬನ್ನು ಗಾಣಕ್ಕೆ ಕೊಡುತ್ತಿದ್ದರು. ಗಾಣದಿಂದ ಬಂದ ಹಾಲನ್ನು ಕೊಪ್ಪರಿಗೆಗೆ ಹಾಕಿ ಕುದಿಸಿದರು. ಹಾಲು ಕುದಿಯತೊಡಗುತ್ತಿದ್ದಂತೆ ಮಡ್ಡಿ ಮೇಲೆ ಬಂತು. ಅದನ್ನು ತೆಗೆಯದಿದ್ದರೆ ಬೆಲ್ಲ ಕಪ್ಪಾಗುತ್ತದೆಂದು ಆಲೆಮನೆಯವರು ಹೇಳಿದರು. ಪಾಕ ಹದಕ್ಕೆ ಬಂದ ಮೇಲೆ ಅಚ್ಚಿಗೆ ಸುರಿದರು. ನಮಗೆ ಬಿಸಿ ಬೆಲ್ಲ ಕೊಟ್ಟರು.’

‘ತೆಗೆಯದಿದ್ದರೆ’ ಎಂಬ ವಾಕ್ಯ ಮೊದಲ ಬರಹದಲ್ಲಿ ಇರಲೇ ಇಲ್ಲ. ‘ಅದನ್ನು ಯಾಕೆ ತೆಗೆದರು?’ ಎಂದು ಕೇಳಿದಾಗ ಮಗುವಿನ ಬಾಯಿಂದ ಬರುವಂಥದ್ದು ಅದು. ಉಪವಾಕ್ಯ ಹುಡುಕುವ ನೆಪದಲ್ಲಿ ವಿಷಯವೂ ಬೆಳೆಯುತ್ತದೆ, ಈ ಅಭ್ಯಾಸದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದೇ. ಕೊನೆಯ ಚಿಕ್ಕ ವಾಕ್ಯವನ್ನು ಹಾಗೇ ಬಿಟ್ಟಿರುವುದನ್ನೂ ಮಕ್ಕಳಿಗೆ ತೋರಿಸಿ. ಮಗುವಿಗೆ ಅತಿ ಖುಷಿ ಕೊಟ್ಟ ಸಂಗತಿ ಅದು, ಒಂಟಿಯಾಗಿಯೇ ನಿಲ್ಲಲಿ. ಪ್ರತಿ ವಾಕ್ಯವೂ ‘-ಆಗ’, ‘-ಮೇಲೆ’ ಎಂದೇ ಶುರುವಾದರೆ ಅದೂ ಬೇಸರವೇ.

ತಿದ್ದುವವರಿಗೆ

ಒಂದು ಹಾಳೆಯಲ್ಲಿ ಒಂದೇ ಬಗೆಯ ದೋಷ ತಿದ್ದಿ. ಈ ವಾರ ಕರ್ತೃವಿನ ದೋಷ ನೋಡುತ್ತಿದ್ದರೆ ಕಾಗುಣಿತಕ್ಕೆ ಕೈ ಹಾಕಬೇಡಿ. ಸರಿಯಾದ ವಾಕ್ಯವನ್ನು ನೀವೇ ಬರೆದುಕೊಡದೆ, ಅಂಚಿನಲ್ಲಿ ‘ಯಾರು?’, ‘ಆಮೇಲೆ?’, ‘ಯಾಕೆ?’ ಎಂದು ಪ್ರಶ್ನೆ ಹಾಕಿ ಹಾಳೆ ವಾಪಸ್ ಕೊಡಿ. ಚೆನ್ನಾಗಿ ಬಂದ ಒಂದು ವಾಕ್ಯವನ್ನು ಮರುದಿನ ಬೋರ್ಡಿನ ಮೇಲೆ ಬರೆಯಿರಿ.

ಅಭ್ಯಾಸಕ್ಕೆ ಒಂದು

ಕೆಳಗಿನ ಸಂಗತಿಗಳನ್ನು ಎರಡು ಅಥವಾ ಮೂರು ವಾಕ್ಯಗಳಲ್ಲಿ ಹೇಳಿಸಿ: ಮೈಸೂರಿನ ಹಳೆಯ ಅರಮನೆ ಮರದ್ದು. 1897ರಲ್ಲಿ ಅದಕ್ಕೆ ಬೆಂಕಿ ಬಿತ್ತು. ಹೊಸ ಅರಮನೆ ಕಟ್ಟುವ ತೀರ್ಮಾನವಾಯಿತು. ಹೆನ್ರಿ ಇರ್ವಿನ್ ನಕ್ಷೆ ಮಾಡಿದರು. 1912ರಲ್ಲಿ ಕೆಲಸ ಮುಗಿಯಿತು.

ಹೊಸ ಅರಮನೆ ಮುಖ್ಯ ಎನ್ನುವ ಮಗು ಹೀಗೆ ಬರೆಯಬಹುದು: ‘ಮರದಿಂದ ಕಟ್ಟಿದ್ದ ಹಳೆಯ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾದದ್ದರಿಂದ ಹೊಸ ಅರಮನೆ ಕಟ್ಟುವ ತೀರ್ಮಾನವಾಯಿತು. ಹೆನ್ರಿ ಇರ್ವಿನ್ ಮಾಡಿದ ನಕ್ಷೆಯಂತೆ ನಡೆದ ಕೆಲಸ 1912ರಲ್ಲಿ ಮುಗಿಯಿತು.’ ಬೆಂಕಿಯೇ ಮುಖ್ಯ ಎನ್ನುವ ಮಗು ‘ಈಗ ನಾವು ನೋಡುವ ಅರಮನೆ 1912ರಲ್ಲಿ ಪೂರ್ಣಗೊಳ್ಳುವ ಮೊದಲು ಮೈಸೂರಿನಲ್ಲಿ ಮರದ ಅರಮನೆಯೊಂದಿತ್ತು. 1897ರಲ್ಲಿ ಅದು ಸುಟ್ಟುಹೋಯಿತು. ಹೆನ್ರಿ ಇರ್ವಿನ್ ಹೊಸದಕ್ಕೆ ನಕ್ಷೆ ಮಾಡಿದರು’ ಎನ್ನಬಹುದು. ಎರಡಕ್ಕೂ ಪೂರ್ಣ ಅಂಕ ಕೊಡಿ, ಯಾವುದನ್ನು ಪ್ರಧಾನ ವಾಕ್ಯ ಮಾಡಿದೆ, ಯಾಕೆ ಮಾಡಿದೆ ಎಂದು ಮಗುವಿನಿಂದಲೇ ಹೇಳಿಸಿ.